ದವಡೆಯಲ್ಲಿ ಶ್ರುತಿ

ಶೆಫೀಲ್ಡಿನ ಕಿವಿ ಆಸ್ಪತ್ರೆಯಲ್ಲಿ ನನ್ನ ಕೆಲಸ
ಜನಕ್ಕೆ ಏನೇನು ಕೇಳಿಸುವುದಿಲ್ಲವೆಂದು
ಗೆರೆ ಎಳೆದು ತೋರಿಸುವುದು.
ಸಿರಿಲ್ ಹ್ಯಾಟರ್ಸ್ಲಿಯ ಗೆರೆ
ನೆಟ್ಟಗೆ ಬಂದು, ಬಂದು,
ನಾಲ್ಕು ಸಾವಿರದ ಹತ್ತಿರ ಬಾವಿಗೆ ಬಿದ್ದಿತ್ತು.
ಮೂವತ್ತೆಂಟು ವರ್ಷ ಆಟರ್‌ಕ್ಲಿಫ್‌ನ ಕುಲುಮೆಯಲ್ಲಿ
ಆವಿ ಸುತ್ತಿಗೆಯ ಮಗ್ಗುಲಿಗೆ ನಿಂತಿದ್ದ ಮುದುಕ.

ಬಾವಿಯಲ್ಲಿ ಏನೇನಿದೆ, ಎಂದ.
ಹಕ್ಕಿ ಮಾತಿನ ತುದಿ, ಸ-ಕಾರ ಶ-ಕಾರ,
ಮೊಮ್ಮಗಳ ಪಿಸುಗುಟ್ಟು.
ನನ್ನ ಗಿಟಾರಿನದು?
ಅದು ನನ್ನ ಪಟ್ಟಿಯಲ್ಲಿರಲಿಲ್ಲ.

ಮುಂದಿನ ಸಲ ಹೊತ್ತೇ ತಂದ.
ಹಿತ್ತಾಳೆ ಮೈ, ಮೇಲೆ ನಿಕ್ಕಲ್ ಲೇಪ,
ಎದೆಯೊಳಗೆ ತಪ್ಪಲೆ ಮುಚ್ಚಳದಂಥ ತೆಳು ಅಲ್ಯುಮಿನಿಯಂ ಶಂಕು.
ರಾದರಮ್‌ನ ಗಿರವಿ ಅಂಗಡಿಯದು, ಮದುವೆಯ ವರ್ಷದ್ದು;
ಉಂಗುರ ಆಮೇಲೆ ಬಂತಂತೆ.
ಕಿರುಬೆರಳಿಗೆ ತಾನೇ ಕೊರೆದ ಉಕ್ಕಿನ ಕೊಳವೆ.
ಉಳಿದಿರುವಷ್ಟು ಕಿವಿಗೆ ಯಾವ ಟ್ಯೂನಿಂಗ್, ಹೇಳಮ್ಮ.

ನನಗೆ ಗೊತ್ತಿದ್ದದ್ದು ತಂಬೂರಿ ಒಂದೇ.
ಚಿತ್ರದುರ್ಗದ ಪಾಠದ ಮನೆಯಲ್ಲಿ
ನನ್ನ ಗಂಟಲು ಕೇಳಿದ ಮೇಷ್ಟ್ರು
ನೀನು ತಂಬೂರಿ ಹಿಡಿಯಮ್ಮ ಎಂದಿದ್ದರು.
ಒಂಬತ್ತು ವರ್ಷ, ಬೇರೆಯವರ ಹಾಡಿನ ಬೆನ್ನಿಗೆ,
ಪ ಸ ಸ ಸ.

ಹಾಗಾಗಿ ಅವನು ಓಪನ್ ಜಿ ಎಂದರೆ ನಾನು
ಕೆಳಗಿನ ತಂತಿ ಪಂಚಮ, ಎಂದೆ,
ಜಗಲಿ ಹತ್ತಿ ಆಮೇಲೆ ಷಡ್ಜದ ಮನೆಯೊಳಕ್ಕೆ.
ಓಪನ್ ಡಿ ಎಂದರೆ ನೇರ ನಡುಮನೆ,
ಸ ಪ ಸ ಗ ಪ ಸ.
ಗಾಂಧಾರದ ತಂತಿಯೊಂದನ್ನು ಅರ್ಧ ಇಳಿಸಿದರೆ ಮೈನರ್;
ಅದು ಬೇಡ, ಎಂದಿದ್ದಳಂತೆ ಹೆಂಡತಿ ಮೇವಿಸ್,
ಅಡುಗೆಮನೆಯಲ್ಲಿ ಯಾರೋ ಸತ್ತ ಹಾಗಿರುತ್ತದೆ,
ಊಟಕ್ಕೆ ಮುಂಚೆಯಂತೂ ಬೇಡ.
ಇ ತನಕ ಏರಿಸಿದರೆ ಹಳೆಯ ಕತ್ತು ಬಾಗುತ್ತದೆ,
ಗಿಟಾರಿನದೂ, ನನ್ನದೂ.

ಇಳಿಸೋಣ, ಎಂದ. ಡಿಯಿಂದ ಸಿಗೆ.
ದಪ್ಪ ತಂತಿ ಕೊಂಡ. ಸಡಿಲ ತಂತಿಯಾದರೆ
ಕೊಳವೆ ಮೆಟ್ಟಿಲಿಗೆ ಬಡಿದು
ಬಚ್ಚಲಲ್ಲಿ ಚೊಂಬು ಉರುಳಿದ ಸದ್ದು.
ನಾನು ಹೇಳಬೇಕಿತ್ತು:
ಬಾವಿಗೆ ಬಿದ್ದದ್ದು ಸ್ವರ ಅಲ್ಲ, ಸ್ವರದ ಮಿರುಗು,
ಎರಡು ಮೆಟ್ಟಿಲು ಇಳಿದರೆ ಕೈಗೆ ಸಿಗುವುದಲ್ಲ.
ಹೇಳಿದೆ ಕೂಡ.
ಕೇಳಿಸದವನ ಹಾಗೆ ಬಿರಡೆ ತಿರುವುತ್ತಿದ್ದ.
ಕೇಳಿಸಲೇ ಇಲ್ಲವೋ ಏನೋ.

ಒಂದು ಶನಿವಾರ ವಾಕ್ಲಿಯ ಏರು ಹತ್ತಿ
ಅವರ ಮನೆಗೆ ಚಹಾಕ್ಕೆ ಹೋದೆ.
ಕಿವಿಯ ಯಂತ್ರ ಕಿತ್ತು ಸಕ್ಕರೆ ಬಟ್ಟಲ ಪಕ್ಕ ಇಟ್ಟ.
ಗಿಟಾರಿನ ಭುಜಕ್ಕೆ ದವಡೆ ಒತ್ತಿ
ಕಣ್ಣು ಮುಚ್ಚಿದ.
ಎರಡು ತಂತಿ ಒಟ್ಟಿಗೆ ಮೀಟಿದ. ಕಾದ.
ಬಿರಡೆ, ಕೂದಲೆಳೆಯಷ್ಟು.
ಜಗಳ ಆಡುತ್ತಿವೆ, ಎಂದ, ಹಲ್ಲಿಗೆ ಗೊತ್ತಾಗುತ್ತೆ,
ಅಲೆ ಅಲೆ ಅಲೆ
ಅಲೆ, ಅಲೆ,
ಅಲೆ.
ಈಗ ರಾಜಿ.

ಎಲುಬಿನ ದಾರಿಯೂ ಕೊನೆಗೆ ಅದೇ ಬಾವಿಗೇ ಎಂದು
ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು.
ಬಿಸ್ಕತ್ತು ತಿಂದೆ.

ಮೇವಿಸ್ ಫೋನು ಹಿಡಿದು ಪರೀಕ್ಷಿಸಿದಳು.
ಐದು ತಂತಿಗೆ ಹಸಿರು.
ಮೂರನೆಯದಕ್ಕೆ ಕೆಂಪು: ಇಳಿದಿದೆ, ಬಿಗಿಮಾಡಿ.
ಅವನ ಕೈ ಬಿರಡೆಗೆ ಹೋಯಿತು.

ಬಿಡಿ! ಎಂದವಳು ನಾನು,
ಆಸ್ಪತ್ರೆಯ ದನಿಯಲ್ಲಿ, ಪಕ್ಕದ ಮನೆಗೂ ಕೇಳುವ ಹಾಗೆ.
ಆ ಗಾಂಧಾರ ನನಗೆ ಗೊತ್ತು.
ಯಾವ ತಂತಿಗೂ ಕಟ್ಟದೆ
ಪ ಸ ಸ ಸ ದ ಸಂದಿಯಿಂದ ತಾನಾಗಿ ಎದ್ದು
ಒಂಬತ್ತು ವರ್ಷ ನನ್ನ ಬಲಗಿವಿಯ ಬಳಿ ಕೂತದ್ದು.
ಹಾಡದವಳಿಗೆ ಸಂದ ಸಂಬಳ.

ಇದನ್ನೆಲ್ಲ ಅವನಿಗೆ ಹೇಳುವುದು ಹೇಗೆ?
ಫೋನಿಗೆ ಕಿವಿ ಮಂದ, ಎಂದೆ.
ಆ ಮಾತು ಇನ್ನೊಬ್ಬರ ಬಗ್ಗೆ ಕೇಳಿದ ಖುಷಿಗೆ
ಮುದುಕ ನಕ್ಕು ನಕ್ಕು ಕೆಮ್ಮಿದ.
ಕಿರುಬೆರಳಿಗೆ ಕೊಳವೆ ಏರಿಸಿ
ಆರೂ ತಂತಿಯ ಮೇಲೆ ಒಮ್ಮೆ ಎಳೆದ.
ಡ್ರಾಯರಿನಲ್ಲಿದ್ದ ಚಮಚಗಳು,
ಈ ಊರಲ್ಲೇ ಹುಟ್ಟಿದವು, ಗುಂಯ್‌ಗುಟ್ಟಿದವು.
ಮೇವಿಸ್ ಮುಚ್ಚಲು ಹೋದಳು.
ಅವಳ ಕೈ ಕಂಡು
ತೆರೆದೇ ಇರಲಿ, ಎಂದ.