ಎದುರಾಳಿಯ ಕುರ್ಚಿ

ಮೊದಲ ಕರಡಿನಲ್ಲಿ ನಾನು ಅವರನ್ನು ಕೊಂದೇಬಿಟ್ಟಿದ್ದೆ.
ಪುಟ ಮೂವತ್ತೊಂದು, ಎರಡೇ ಸಾಲು:
"ಉರ್ಪೋ ರೌಟಿಯೊ ಹೇಳುವುದು ಸ್ಪಷ್ಟವಾಗಿಯೇ ತಪ್ಪು.
ಪೈನ್ ಮರದ ಡಾಂಬರು ಹೊತ್ತ ದೋಣಿಗಳನ್ನು
ನಿಲ್ಲಿಸಿದ್ದು ರೈಲಲ್ಲ, ಬರಿದಾದ ಕಾಡು."
ಬರೆದು, ಕಾಫಿ ಕುಡಿದು,
ಔಲು ನಗರದ ಹಿಮದಲ್ಲಿ ಸೈಕಲ್ ತುಳಿದು
ಗೆದ್ದವಳ ಹಾಗೆ ಮಲಗಿದ್ದೆ.

ಕೆರ್ಟು, ನನ್ನ ಮಾರ್ಗದರ್ಶಿ, ಕೆಂಪು ಪೆನ್ನು ಹಿಡಿಯುವವಳಲ್ಲ.
ಪೆನ್ಸಿಲಿನಲ್ಲಿ, ಅಂಚಿಗೆ:
"ಇದು ರೌಟಿಯೊ ಅಲ್ಲ, ಅವರ ಅಂಗಿ ತೊಟ್ಟ ಬೆರ್ಚಪ್ಪ.
ಹುಲ್ಲಿಗೆ ಹೊಡೆದರೆ ಕೈ ನೋಯುವುದಿಲ್ಲ, ನಿಜ.
ಗೆದ್ದೆ ಎಂದರೆ ಕಾಗೆಯೂ ನಂಬುವುದಿಲ್ಲ."

ಮತ್ತೆ ಲೈಬ್ರರಿ, ನೆಲಮಾಳಿಗೆ,
ಎಪ್ಪತ್ತೆರಡನೆಯ ಇಸವಿಯ ಬೂದು ರಟ್ಟಿನ ಪುಸ್ತಕ.
ಕೊನೆಯ ಸಲ ಯಾರೋ ಒಯ್ದದ್ದು ನಾನು ಹುಟ್ಟುವ ಮೊದಲು.
ಬೇಟೆಗೆಂದು ಓದಿದ್ದವಳು ಈಗ
ಬಾಡಿಗೆಗೆ ಬಂದವಳ ಹಾಗೆ ಓದಿದೆ:
ಯಾವ ಮೆಟ್ಟಿಲು ಕಿರುಗುಟ್ಟುತ್ತದೆ,
ಯಾವ ಕಿಟಕಿಯಿಂದ ಅವರಿಗೆ ಏನು ಕಾಣುತ್ತಿತ್ತು,
ಏನು ಕಾಣುತ್ತಿರಲಿಲ್ಲ.

ನೂರ ನಾಲ್ಕನೆಯ ಪುಟದ ಅಡಿಟಿಪ್ಪಣಿ,
ಇರುವೆ ಸಾಲಿನಂಥ ಅಕ್ಷರ:
"ಕಾಡಿನ ಲೆಕ್ಕ ಸಿಕ್ಕಿದ ದಿನ ಇದನ್ನು ತಿದ್ದಬೇಕಾದೀತು."
ಐವತ್ತು ವರ್ಷ ಬಾಗಿಲು ಓರೆ ಮಾಡಿಟ್ಟು
ಕಾದಿದ್ದಾರೆ ಮಹಾಶಯ.
ನಾನು ಗೋಡೆ ಒಡೆದು ಒಳಬಂದಿದ್ದೆ.

ಮೊದಲು ಕಿತ್ತದ್ದು 'ಸ್ಪಷ್ಟವಾಗಿ'.
ಸ್ಪಷ್ಟವಾಗಿದ್ದರೆ ನನಗೆ ನಾಲ್ಕು ವರ್ಷ ಯಾಕೆ ಬೇಕಿತ್ತು?
ಆಮೇಲೆ 'ತಪ್ಪು'.
'ಹೌದು' ಎಂದು ಬರೆದೆ. 'ಇಲ್ಲಿಯವರೆಗೆ' ಎಂದೆ.
'ಆದರೆ' ಬಂದಲ್ಲಿ ಬೆರಳು ನಿಂತಿತು.
ಎಷ್ಟು ಸಣ್ಣ ಮಾತು, ತೂಬಿನ ಹಲಗೆಯಷ್ಟು.
ಅಡ್ಡ ಇಳಿಸಿದರೆ ಇಡೀ ನೀರು ದಿಕ್ಕು ಬದಲಿಸುತ್ತದೆ.

ಅವರ ವಾದ ಒಂದೂವರೆ ಪುಟವಾಯಿತು, ನನ್ನದು ಮುಕ್ಕಾಲು.
ಕೆರ್ಟು ಓದಿ ಏನೂ ಬರೆಯಲಿಲ್ಲ.
ಕಾಫಿ ಲೋಟದ ಗುರುತು ಮಾತ್ರ ಇತ್ತು.

ರೌಟಿಯೊ ಅದನ್ನು ಓದಲಿಲ್ಲ.
ನವೆಂಬರಿನಲ್ಲಿ ತೀರಿಕೊಂಡರು.
ಎರಡು ವಾರ ಬರೀ ಕ್ರಿಯಾಪದಗಳನ್ನು ದಿಟ್ಟಿಸಿದೆ:
'ವಾದಿಸುತ್ತಾರೆ' ಎನ್ನಲೇ, 'ವಾದಿಸಿದ್ದರು' ಎನ್ನಲೇ?
ವರ್ತಮಾನದಲ್ಲೇ ಬಿಟ್ಟೆ.
ಸತ್ತವರ ಜೊತೆ ಜಗಳ ಕಾಯುವುದಾದರೆ
ಅವರಿಗೂ ಒಂದು ಕುರ್ಚಿ ಇರಲಿ.

ನಮ್ಮಲ್ಲಿ ಪದ್ಧತಿ ಹೀಗೆ:
ಪ್ರಬಂಧವನ್ನು ಜನರೆದುರು ಪ್ರಶ್ನಿಸಲು ಬಂದವರನ್ನು
ಎದುರಾಳಿ ಎಂದೇ ಕರೆಯುತ್ತೇವೆ,
ಸಂಜೆಯ ಔತಣ ಅವರ ಗೌರವಕ್ಕೆ.
ಉಪ್ಸಾಲಾದಿಂದ ಬಂದ ಉಲ್ರಿಕಾ ಎಕ್‌ಮನ್
ಮೂರು ಗಂಟೆ ನನ್ನ ಕೋಷ್ಟಕಗಳನ್ನು
ಹತ್ತಿ ಹಿಂಜುವ ಹಾಗೆ ಹಿಂಜಿದರು, ಸಿಟ್ಟಿಲ್ಲದೆ.
ಕೊನೆಗೆ ನಾನು ಎದ್ದು ಆ ಹಳೆಯ ಮಾತು ಹೇಳಬೇಕು:
"ನನ್ನ ಪ್ರಬಂಧದ ವಿರುದ್ಧ ಹೇಳಲು ಏನಾದರೂ ಇರುವವರು
ದಯವಿಟ್ಟು ಮಾತನಾಡಲಿ."
ಸಾಮಾನ್ಯವಾಗಿ ಯಾರೂ ಮಾತನಾಡುವುದಿಲ್ಲ.
ಹೊರಗೆ ಕೇಕು ಕಾಯುತ್ತಿರುತ್ತದೆ.

ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ ಎದ್ದಳು.
ಹಸಿರು ಕೋಟು, ಎದೆಗೆ ಅವುಚಿದ ಕೈಚೀಲ.
"ಸೈಮಿ ತೋಲೊನೆನ್, ವಾಲಾ ಊರಿನವಳು.
ರೈಲೋ ಕಾಡೋ ನನಗೆ ತಿಳಿಯದು.
ಉರ್ಪೋನೂ ನೀನೂ ಇಳಿದು ಬಂದ ಪೀಪಾಯಿಗಳನ್ನೇ ಎಣಿಸಿದಿರಿ.
ಖಾಲಿ ದೋಣಿಯನ್ನು ಹೊಳೆಗೆ ಎದುರಾಗಿ
ಮೇಲಕ್ಕೆ ಎಳೆದವರು ಯಾರು?
ನನ್ನಜ್ಜಿ. ಒಂದು ವರ್ಷ, ಇನ್ನು ಸಾಕು ಅಂದಳು.
ಅದು ಯಾವ ಪುಟದಲ್ಲಿದೆ?"

ಸಭೆಯಲ್ಲೊಂದು ನಗು ಹುಟ್ಟಿ ಅರ್ಧಕ್ಕೇ ಸತ್ತಿತು.
ನನ್ನ ಬಳಿ ಉತ್ತರಗಳಿದ್ದವು, ಇಸ್ತ್ರಿ ಮಾಡಿಟ್ಟಂಥವು:
'ವ್ಯಾಪ್ತಿಯ ಆಚೆ', 'ಆಕರಗಳ ಮಿತಿ',
'ಮುಂದಿನ ಸಂಶೋಧಕರಿಗೆ'.
"ಎಲ್ಲೂ ಇಲ್ಲ," ಅಂದೆ. "ಯಾವ ವರ್ಷ ಅದು?"
ಹೇಳತೊಡಗಿದಳು. ನನ್ನ ಬಳಿ ಪೆನ್ನಿರಲಿಲ್ಲ.
ಎದುರಾಳಿ ತಮ್ಮದನ್ನು
ಮೇಜಿನ ಮೇಲೆ ನನ್ನತ್ತ ಉರುಳಿಸಿದರು.