ವ್ಯಾನು ಕೊನೆಯ ಸಲ ಬಂದ ಮಂಗಳವಾರ

ಹನ್ನೊಂದು ವರ್ಷ ಈ ಬ್ಯಾಂಕನ್ನು ಓಡಿಸಿದೆ,
ಸ್ಟಾರ್ನೊವೇಯಿಂದ ಲೂಯಿಸ್ ದ್ವೀಪದ ಬಡಗಣ ತುದಿಗೆ.
ಒಳಗೊಂದು ಗಲ್ಲಾ, ಒಂದು ಹೀಟರು, ಒಂದು ಸ್ಟೂಲು, ನಾನು.
ಗಾಳಿ ಜೋರಾದರೆ ವ್ಯಾನು ತೊಟ್ಟಿಲಿನಂತೆ ತೂಗುತ್ತಿತ್ತು,
ಎಣಿಸುತ್ತಿದ್ದ ನೋಟು ತಪ್ಪಿ
ಮತ್ತೆ ಒಂದರಿಂದ ಶುರು.

ಇವತ್ತು ಕೊನೆ.
ಮೇಲಿನವರ ಕಾಗದ ಕಿಟಕಿಗೆ ಅಂಟಿಸಿದ್ದೇನೆ:
ಇನ್ನು ಮುಂದೆ ಎಲ್ಲವೂ ಫೋನಿನಲ್ಲೇ.
ಅದರ ಒಂದು ಮೂಲೆ ಆಗಲೇ ಬಿಟ್ಟುಕೊಂಡಿದೆ.

ಮುರ್ದಿನಾ ಮಾರಿಸನ್ ಬಂದಳು.
ಮಗ್ಗದ ಎಣ್ಣೆ ಮೆತ್ತಿದ ಕೈಯಲ್ಲಿ ಎರಡು ಲಕೋಟೆ,
ಒಳಗೆ ಎರಡು ಕಾರ್ಡು, ಒಂದೇ ಅಳತೆ, ಒಂದೇ ನೀಲಿ.
"ಅವಳಿ ಕುರಿಮರಿ ಇದ್ದ ಹಾಗಿವೆಯಲ್ಲ ಟೊರ್ಕಿಲ್,
ಕಿವಿಗೊಂದು ಗುರುತು ಹಾಕಿಕೊಡು.
ಯಾವುದು ನನ್ನದು, ಯಾವುದು ಪಕ್ಕದ ಮನೆಯದು?"

ಬ್ಯಾಂಕಿನ ಹನ್ನೆರಡು ಪುಟದ ಪುಸ್ತಿಕೆಯಲ್ಲಿ
ಯಾರೂ ಇಷ್ಟು ನೆಟ್ಟಗೆ ಕೇಳಿಲ್ಲ.

ಇದು ಡೆಬಿಟ್, ನಿನ್ನದೇ ಮರಿ.
ಬಟ್ಟೆ ನೇಯ್ದದ್ದಕ್ಕೆ ಗಿರಣಿಯವರು ಹಾಕಿದ ಹಣ ಖಾತೆಯಲ್ಲಿದೆ,
ಇದನ್ನು ತಾಗಿಸಿದರೆ ಅದರಿಂದಲೇ ಹೋಗುತ್ತದೆ.
ಓವರ್‌ಡ್ರಾಫ್ಟ್ ಬೇಡವೆಂದು ಬರೆದುಕೊಟ್ಟಿದ್ದೀಯ,
ಇಲ್ಲದ್ದು ಹೋಗುವುದಿಲ್ಲ.
ಇದು ಕ್ರೆಡಿಟ್. ಉದ್ರಿ.
ಇವತ್ತು ಬ್ಯಾಂಕು ಕೊಡುತ್ತದೆ, ತಿಂಗಳಿಗೊಮ್ಮೆ ಚೀಟಿ ಕಳಿಸುತ್ತದೆ,
ಗಡುವಿನೊಳಗೆ ಪೂರ್ತಿ ಕಟ್ಟಿದರೆ ಬಡ್ಡಿ ಇಲ್ಲ.
ಚೀಟಿಯ ಮೂಲೆಯಲ್ಲಿ 'ಕನಿಷ್ಠ ಪಾವತಿ' ಅಂತ ಒಂದು ಸಣ್ಣ ಮೊತ್ತ,
ನೋಡಲು ಬಹಳ ಸಾಧು.
ಅಷ್ಟನ್ನೇ ಕಟ್ಟಿ ಮಲಗಿದರೆ
ಉಳಿದದ್ದು ಕತ್ತಲಲ್ಲಿ ಮರಿ ಹಾಕುತ್ತದೆ.

ಅವಳು ಬಹಳ ಹೊತ್ತು ಹೀಟರಿಗೆ ಕೈಯೊಡ್ಡಿ ಕೂತಳು.
ಯಾರದೋ ನಾಯಿ ಬ್ಯಾಂಕಿನ ಚಕ್ರಕ್ಕೆ ಕಾಲೆತ್ತಿ ಹೋಯಿತು.
"ಭಾನುವಾರವೂ?"
ಏನು, ಭಾನುವಾರವೂ?
"ಬಡ್ಡಿ. ಭಾನುವಾರವೂ ಬೆಳೆಯುತ್ತದೆಯೇ?"

ಭಾನುವಾರ ಅವಳು ಒಗೆದ ಬಟ್ಟೆ ಹಗ್ಗಕ್ಕೆ ಹಾಕುವುದಿಲ್ಲ,
ಮಗ್ಗ ಮುಟ್ಟುವುದಿಲ್ಲ,
ಆಲೂಗಡ್ಡೆಯನ್ನು ಶನಿವಾರವೇ ಹೆರೆದಿಟ್ಟಿರುತ್ತಾಳೆ.
ಬೆಳೆಯುತ್ತದೆ, ಅಂದೆ. ಕ್ರಿಸ್ಮಸ್ ದಿನವೂ.
"ಹಾಗಾದರೆ ಅದು ನನ್ನ ಮನೆಯೊಳಗೆ ಬೇಡ,"
ಅಂದವಳೇ ನನ್ನ ಕತ್ತರಿ ಎತ್ತಿಕೊಂಡು
ಟ್ವೀಡಿನ ಅಂಚು ಸವರುವ ನಾಜೂಕಿನಲ್ಲಿ
ಚಿನ್ನದ ಬಣ್ಣದ ಚಿಪ್‌ನ ನಟ್ಟನಡುವೆ ಕತ್ತರಿಸಿದಳು.
(ಕತ್ತರಿಸಿದರೆ ಸಾಲದು, ಬ್ಯಾಂಕಿಗೂ ಹೇಳಬೇಕು.
ನನ್ನದೇ ಬ್ಯಾಂಕಿಗೆ ಫೋನು ಹಚ್ಚಿದೆ.
ಮೂವತ್ತೊಂದು ನಿಮಿಷ ಪಿಟೀಲು ಕೇಳಿಸಿದರು.)

ಆಮೇಲೆ ಮೊಮ್ಮಗಳ ಹಳೆಯ ಫೋನು. ಬಿರುಕು ಬಿಟ್ಟ ಗಾಜಿನ ಹಿಂದೆ
ಅವಳ ಹಣ, ಪೆನ್ನಿ ತಪ್ಪದೆ, ಬೆಳಕಾಗಿ ಕೂತಿತ್ತು.
ಯಾರಾದರೂ ಫೋನು ಮಾಡಿ ಗುಟ್ಟಿನ ಸಂಖ್ಯೆ ಕೇಳಿದರೆ
ಕೊಡಬೇಡ, ಎಷ್ಟೇ ಸಿಹಿಯಾಗಿ ಮಾತಾಡಲಿ.
"ನೀನೇ ಕೇಳಿದರೂ?"
ನಾನೇ ಕೇಳಿದರೂ.
"ನೀನು ಯಾವತ್ತು ಸಿಹಿಯಾಗಿ ಮಾತಾಡಿದ್ದೀಯ ಬಿಡು."

ಕೊನೆಗೆ ಪಿನ್. ನಾನು ಆ ಕಡೆ ತಿರುಗಿದೆ.
ಕಿಟಕಿ, ಕಡಲು, ಒಂದು ಹಕ್ಕಿ ಇದ್ದಲ್ಲೇ ಹಾರುತ್ತಿತ್ತು.
ಬೀಪ್ ಬೀಪ್ ಬೀಪ್
ತಡೆದು
ಬೀಪ್.

ಅವಳ ಮಗ್ಗವೂ ಹಾಗೇ ಕುಂಟುತ್ತದೆ.
ಅವಳ ಕೊಟ್ಟಿಗೆಯ ಪಕ್ಕ ವ್ಯಾನು ನಿಲ್ಲಿಸಿ
ಹನ್ನೊಂದು ವರ್ಷ ಚಹಾ ಕುಡಿದವನಿಗೆ ಗೊತ್ತು:
ಮೂರು ಹೊಡೆತ, ಒಂದು ಉಸಿರು, ಮತ್ತೊಂದು.
ಅಂಕಿ ತಿಳಿಯಲಿಲ್ಲ. ಲಯ ತಿಳಿಯಿತು.
ನಿಯಮದ ಪುಸ್ತಕದಲ್ಲಿ ಅಂಕಿಯ ಮಾತಷ್ಟೇ ಇದೆ.
ನಾನು ಸುಮ್ಮನಿದ್ದೆ.

ಈಗ ವ್ಯಾನು ಇಲ್ಲ. ಯಾರೋ ಕೊಂಡು ಮೀನು ಕರಿದು ಮಾರುತ್ತಾರಂತೆ.
ಮೊನ್ನೆ ಪೇಟೆಯ ಅಂಗಡಿಯಲ್ಲಿ
ಹಾಲು ಹಿಡಿದು ಸಾಲಿನಲ್ಲಿ ನಿಂತಿದ್ದೆ.
ಪಕ್ಕದ ಕೌಂಟರಿನಿಂದ
ಮೂರು ಬೀಪ್, ಒಂದು ಉಸಿರು, ಮತ್ತೊಂದು.

ಪಿನ್ ಒತ್ತುವಾಗ ನೋಡಬಾರದು.
ಎರಡು ಗಳಿಗೆ ಬಿಟ್ಟು, ರಸೀದಿ ಹರಿಯುವ ಸದ್ದಾದ ಮೇಲೆ,
"ದಾರ ಇನ್ನೂ ಕಡಿಯುತ್ತಿದೆಯಾ ಮುರ್ದಿನಾ?" ಅಂದೆ,
ತಿರುಗದೆ.