ಡಬ್ಬಿಯೊಳಗಿನ ಡಬ್ಬಿ

ಮೊದಲು ಒಂದು ಪಾಪದ ವಹಿ ಇಟ್ಟಿದ್ದೆ.
ಸೋಮವಾರ: ಕೊತ್ತಂಬರಿಗೊಂದು ಕವರು, ಪಾಪ ಒಂದು.
ಮಂಗಳವಾರ: ಬಸ್ಸಿತ್ತು, ರಿಕ್ಷಾ ಹತ್ತಿದೆ, ಪಾಪ ಎರಡು.
ಬುಧವಾರ ಬರೆಯೋಣವೆಂದರೆ ವಹಿಯೇ ಇಲ್ಲ.
ಹುಡುಕಿದರೆ, ಹಾಸಿಗೆಯಡಿಯ ಕವರಿನೊಳಗಿನ
ಕವರಿನೊಳಗಿನ ಕವರಿನಲ್ಲಿ
ಬೆಚ್ಚಗೆ ಮಲಗಿತ್ತು.
ನಗು ಬಂತು. ಪಾಪ ಅಲ್ಲಿಗೆ ಮುಗಿಯಿತು.
ಉಳಿದ ಹಾಳೆಗಳಲ್ಲಿ ಈಗ ಇಸ್ತ್ರಿಯವನ ಲೆಕ್ಕ.

ಗುರುವಾರ ರಜೆ ಹಾಕಿ ವಸಯಿಗೆ ಹೋದೆ.
ಅಲ್ಲಿ ಲೆತೀಸಿಯಾ ಬಾಯಿ, ಪಡವಲ ಬೆಳೆಯುವವಳು,
ಹಿತ್ತಲಿನ ಒಡಕು ತೊಟ್ಟಿಗೆ ಮೊಣಕೈತನಕ ಕೈ ಹಾಕಿ
ಶಾವಿಗೆ ಬಡಿಸುವಂತೆ ಬಡಿಸಿದಳು
ನನ್ನ ಸ್ಟೀಲಿನ ಡಬ್ಬಿಗೆ ಅರ್ಧ ಕಿಲೋ ಎರೆಹುಳು.
ಮುಚ್ಚಳಕ್ಕೆ ಮೊಳೆಯಲ್ಲಿ ಐದು ತೂತು ಹೊಡೆದು ಅಂದಳು:
"ಬೆಳಕು ತೋರಿಸಬೇಡ. ಭಾಷಣ ಮಾಡಬೇಡ."

ವಾಪಸು ಸ್ಲೋ ಲೋಕಲ್ಲು.
ಈ ಊರಿನಲ್ಲಿ ಬೋಗಿಗೂ ಡಬ್ಬಿಯೆಂದೇ ಹೆಸರು.
ಹೆಂಗಸರ ಡಬ್ಬಿಯಲ್ಲಿ ನಾನು,
ತೊಡೆಯ ಮೇಲಿನ ಡಬ್ಬಿಯಲ್ಲಿ ಅವು.
ಎರಡರಲ್ಲೂ ಒಂದೇ ಸ್ಥಿತಿ:
ಯಾರ ತಲೆಯೆಲ್ಲಿ, ಯಾರ ಬಾಲವೆಲ್ಲಿ, ತಿಳಿಯದು;
ಜಗಳ ಮಾತ್ರ ದೊಡ್ಡ ಡಬ್ಬಿಯಲ್ಲಿ.

ನಾಲ್ಕನೇ ಸೀಟಿನಲ್ಲಿ ಅರ್ಧವೇ ಕೂತಿದ್ದ ನರ್ಸು
ಮೂಸಿ ಕೇಳಿದಳು, "ಪಲ್ಯ ಯಾವುದು?"
ಮುಚ್ಚಳ ತೆಗೆದು ತೋರಿಸಿದೆ.
ಆಹಾ! ಇಪ್ಪತ್ತು ವರ್ಷದಲ್ಲಿ ಅದೇ ಮೊದಲು
ನಾನು ಲೋಕಲ್ಲಿನಲ್ಲಿ ಕಾಲು ಚಾಚಿ ಕೂತದ್ದು.

ಭಾಯಂದರ್ ಖಾಡಿಯ ಸೇತುವೆ ಬಂತು.
ಕಿಟಕಿಯ ಅಜ್ಜಿ ದೇವರ ಹೂವಿನ ಗಂಟು ಎತ್ತಿದಳು.
"ಅಜ್ಜೀ, ಇವಕ್ಕೆ ಕೊಡಿ, ಇವೂ ಪ್ರಸಾದ ತಿನ್ನುತ್ತವೆ."
ಅಜ್ಜಿ ಯೋಚಿಸಿದಳು. ಧಾರಾಳಿ.
ಬಾಡಿದ ಚೆಂಡುಹೂವನ್ನೆಲ್ಲ ನನ್ನ ಮಡಿಲಿಗೆ ಸುರಿದು,
ಖಾಲಿ ಕವರಿಗೆ ಕೈಮುಗಿದು,
ಭಕ್ತಿಯಿಂದ ಖಾಡಿಗೆ ಎಸೆದಳು.

ಕಾಂದಿವಲಿಯ ಬಾಲ್ಕನಿಗೆ ಬಂದ ಮೇಲೆ
ಅತಿಥಿಗಳ ಗುಣ ಹೊರಬಿತ್ತು.
ಈರುಳ್ಳಿ ಒಲ್ಲವು. ಬೆಳ್ಳುಳ್ಳಿ ಕಂಡರೆ ಮುಖ ತಿರುಗಿಸುತ್ತವೆ
(ಮುಖ ಯಾವ ಕಡೆಯೋ, ದೇವರೇ ಬಲ್ಲ).
ಖಾರ ಬೇಡ, ಲಿಂಬೆ ಬೇಡ, ಉಪ್ಪಿನಕಾಯಿಯಂತೂ ದೂರ.
ನಮ್ಮ ಮನೆಯ ಕಸ ಇವಕ್ಕೆ ನಡೆಯದು.

ನಾಲ್ಕನೇ ಮಾಳಿಗೆಯ ವಿಮುಬೆನ್‌ಗೆ ಸುದ್ದಿ ಹೋಯಿತು.
"ಅರೆ, ಹಾಗಾದರೆ ಇವು ನಮ್ಮವೇ!"
ಈರುಳ್ಳಿಯಿಲ್ಲದ, ಬೆಳ್ಳುಳ್ಳಿಯಿಲ್ಲದ,
ಗೆಡ್ಡೆಯ ನೆರಳೂ ಬೀಳದ ಶುದ್ಧ ಸಿಪ್ಪೆ
ದಿನಾ ಐದಕ್ಕೆ ಬೋಗುಣಿಯಲ್ಲಿ ಇಳಿದು ಬರುತ್ತದೆ.
ಕತ್ತಲಾಗುವುದರೊಳಗೆ ಉಣ್ಣಿಸು ಎಂದು ತಾಕೀತು.
ಅವು ಉಣ್ಣುವುದೇ ನಡುರಾತ್ರಿಯೆಂದು
ನಾನಿನ್ನೂ ಅವಳಿಗೆ ಹೇಳಿಲ್ಲ.

ಆಮೇಲೆ ಸೆಕ್ರೆಟರಿ ಪಾಟಕರರ ನೋಟೀಸು:
ಸಾಕುಪ್ರಾಣಿಗೆ ತಿಂಗಳಿಗೆ ತಲೆಗೆ ಐವತ್ತು ರೂಪಾಯಿ.
"ತಲೆ ತೋರಿಸಿಕೊಡಿ, ಕಟ್ಟುತ್ತೇನೆ" ಎಂದು ಉತ್ತರ ಬರೆದೆ.
ಬಂದರು, ಟಾರ್ಚು ಸಮೇತ. ಕುಕ್ಕರಗಾಲಲ್ಲಿ ಕೂತರು.
ನಲವತ್ತಮೂರಕ್ಕೆ ಲೆಕ್ಕ ತಪ್ಪಿತು.
ಮತ್ತೆ ಒಂದರಿಂದ.
ಟಾರ್ಚು ಕಂಡು ಅವು ಒಳಗಿಳಿದವು,
ಪಾಟಕರರು ಬಗ್ಗಿದರು, ಇನ್ನೂ ಬಗ್ಗಿದರು,
ಮೂಗಿಗೆ ಮಣ್ಣು ತಾಗಿತು.
"ಇದಕ್ಕೆ... ವಾಸನೆಯೇ ಇಲ್ಲವಲ್ಲ," ಅಂದರು.
ಚಹಾ ಕುಡಿದರು. ನೋಟೀಸಿನ ಮಾತು ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲ ಚಿಲಕಕ್ಕೆ
ಅವರ ಮನೆಯ ಚಹಾದ ಚರಟ ನೇತಾಡುತ್ತಿತ್ತು,
ಸೋರದಂತೆ ಜೋಪಾನವಾಗಿ
ಕವರಿನೊಳಗಿನ ಕವರಿನಲ್ಲಿ.

ಚರಟ ಅವಕ್ಕೆ ಹಾಕಿದೆ.
ಎರಡೂ ಕವರು ತೊಳೆದು ತಂತಿಗೆ ಒಣಹಾಕಿದೆ.
ಜುಲೈ ತಿಂಗಳು.
ಇನ್ನೂ ಒಣಗುತ್ತಿವೆ.